ಹುಟ್ಟುವ ಮೊದಲೇ ಅಪರೂಪದ ಆನುವಂಶಿಕ ಕಾಯಿಲೆ ಪತ್ತೆ: ಸ್ಕ್ಯಾನ್ ಸಾಕಾ, ರಕ್ತಪರೀಕ್ಷೆ ಬೇಕಾ, ಸೂಜಿ ಹಾಕಿಸಬೇಕಾ?

ಈ ಪ್ರಶ್ನೆ ಕೇಳುವವರ ಕೈಯಲ್ಲಿ ಆಗಲೇ ನಾಲ್ಕು ಸಲಹೆ ಇರುತ್ತವೆ. ಡಾಕ್ಟರು ಮೂರನೇ ತಿಂಗಳ ಎನ್‌ಟಿ ಸ್ಕ್ಯಾನ್ ಬರೆದುಕೊಟ್ಟಿರುತ್ತಾರೆ, ಲ್ಯಾಬಿನ ಕಡೆಯಿಂದ ಎನ್‌ಐಪಿಟಿ ಎಂಬ ರಕ್ತಪರೀಕ್ಷೆಯ ಕಾಗದ ಬಂದಿರುತ್ತದೆ, ಮನೆಯವರೊಬ್ಬರು "ಐದನೇ ತಿಂಗಳ ಸ್ಕ್ಯಾನಿನಲ್ಲಿ ಎಲ್ಲಾ ಗೊತ್ತಾಗುತ್ತದೆ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡ" ಅಂದಿರುತ್ತಾರೆ, ಇನ್ನೊಬ್ಬರು ಹೊಟ್ಟೆಗೆ ಸೂಜಿ ಹಾಕಿ ನೀರು ತೆಗೆದರೆ ಮಾತ್ರ ಖಾತ್ರಿ ಅಂದು ಹೆದರಿಸಿರುತ್ತಾರೆ. ಯಾರ ಮಾತೂ ಪೂರ್ತಿ ತಪ್ಪಲ್ಲ. ಆದರೆ ಈ ನಾಲ್ಕೂ ಒಂದೇ ಕೆಲಸ ಮಾಡುವ ಪರೀಕ್ಷೆಗಳಲ್ಲ. ಒಂದೊಂದು ಒಂದೊಂದು ಪ್ರಶ್ನೆಗೆ ಉತ್ತರ ಕೊಡುತ್ತದೆ. ನಿಮ್ಮ ಪ್ರಶ್ನೆ ಯಾವುದು ಅಂತ ತಿಳಿಯದೆ ಪರೀಕ್ಷೆ ಆರಿಸಲು ಹೋದರೆ ದುಡ್ಡೂ ಹೋಗುತ್ತದೆ, ಅದಕ್ಕಿಂತ ಮುಖ್ಯವಾದ ವಾರಗಳೂ ಹೋಗುತ್ತವೆ.

ಯುರೋಪಿನ ಲೆಕ್ಕದಲ್ಲಿ 2000 ಜನರಲ್ಲಿ ಒಬ್ಬರಿಗಿಂತ ಕಡಿಮೆ ಜನರಿಗೆ ಬರುವ ಕಾಯಿಲೆ ಅಪರೂಪದ್ದು. ಇಂಥವು 6000ಕ್ಕೂ ಹೆಚ್ಚಿವೆ. ಬಹುಪಾಲು ಜೀನ್ ದೋಷದಿಂದಲೇ ಬರುತ್ತವೆ. ಎಲ್ಲವನ್ನೂ ಒಂದೇ ಸಲ ಹಿಡಿಯುವ ಪರೀಕ್ಷೆ ಯಾವುದೂ ಇಲ್ಲ, ಯಾರಾದರೂ ಇದೆ ಅಂದರೆ ನಂಬಬೇಡಿ. "ನಮ್ಮ ವಂಶದಲ್ಲಿ ಯಾರಿಗೂ ಇಲ್ಲವಲ್ಲ" ಅನ್ನುವ ಧೈರ್ಯವೂ ಪೂರ್ತಿ ಕೆಲಸಕ್ಕೆ ಬರುವುದಿಲ್ಲ. ಎಷ್ಟೋ ಜೀನ್ ದೋಷಗಳು ಆ ಮಗುವಿನಲ್ಲೇ ಮೊದಲ ಸಲ ಹುಟ್ಟುತ್ತವೆ. ಇನ್ನೆಷ್ಟೋ ಅಪ್ಪ ಅಮ್ಮ ಇಬ್ಬರಲ್ಲೂ ಸದ್ದಿಲ್ಲದೆ ಇದ್ದು, ಮಗುವಿನಲ್ಲಿ ಎರಡೂ ಸೇರಿದಾಗ ಮಾತ್ರ ಕಾಣಿಸಿಕೊಳ್ಳುತ್ತವೆ.

ಆರಿಸುವ ಮೊದಲು ಕೇಳಿಕೊಳ್ಳಬೇಕಾದದ್ದು

ಮೊದಲನೆಯದು, ನೀವು ಯಾವುದನ್ನು ಹುಡುಕುತ್ತಿದ್ದೀರಿ? ಇದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಯಾವ ಸುಳಿವೂ ಇಲ್ಲ, ಮಗು ಆರೋಗ್ಯವಾಗಿದೆಯಾ ಅಂತ ನೋಡಬೇಕು ಅನ್ನುವವರದು ಒಂದು ದಾರಿ. ಮನೆಯಲ್ಲಿ ಆಗಲೇ ಒಂದು ಮಗುವಿಗೆ ಹೆಸರು ಗೊತ್ತಿರುವ ಕಾಯಿಲೆ ಇದೆ ಅನ್ನುವವರದು ಬೇರೆಯದೇ ದಾರಿ. ಸ್ಕ್ಯಾನಿನಲ್ಲಿ ಏನೋ ಕಂಡಿದೆ ಅನ್ನುವವರದು ಮೂರನೆಯದು.

ಎರಡನೆಯದು, ನಿಮಗೆ ಬೇಕಿರುವುದು ಸಾಧ್ಯತೆಯಾ, ಉತ್ತರವಾ? ಸ್ಕ್ರೀನಿಂಗ್ ಪರೀಕ್ಷೆ ಹೇಳುವುದು "ಇರುವ ಸಾಧ್ಯತೆ ಇಷ್ಟು" ಅಂತ. ಡಯಗ್ನೋಸ್ಟಿಕ್ ಪರೀಕ್ಷೆ "ಇದೆ" ಅಥವಾ "ಇಲ್ಲ" ಅನ್ನುತ್ತದೆ. ಎನ್‌ಟಿ ಸ್ಕ್ಯಾನ್, ಅದರ ಜೊತೆ ಮಾಡುವ ರಕ್ತಪರೀಕ್ಷೆ, ಎನ್‌ಐಪಿಟಿ ಮೂರೂ ಸ್ಕ್ರೀನಿಂಗ್. ಮಾಸಿನ (ಪ್ಲಸೆಂಟಾ) ಚೂರನ್ನೋ ಗರ್ಭನೀರನ್ನೋ ತೆಗೆದು ಮಾಡುವುದು ಡಯಗ್ನೋಸ್ಟಿಕ್. ಐದನೇ ತಿಂಗಳ ಸ್ಕ್ಯಾನ್ ನಡುವೆ ಎಲ್ಲೋ ನಿಲ್ಲುತ್ತದೆ. ಹೃದಯದಲ್ಲಿ ರಂಧ್ರ ಇದೆ ಅನ್ನುವುದನ್ನು ಅದು ಖಚಿತವಾಗಿ ಹೇಳಬಲ್ಲದು, ಯಾಕೆ ಬಂತು ಅಂತ ಹೇಳಲಾರದು.

ಆಮೇಲೆ ವಾರದ ಲೆಕ್ಕ. ನೀವು ಈಗ ಎಷ್ಟನೇ ವಾರದಲ್ಲಿದ್ದೀರಿ, ವರದಿ ಬರುವಾಗ ಎಷ್ಟಾಗಿರುತ್ತದೆ, ನೀವಿರುವ ದೇಶದ ಕಾನೂನು ಯಾವ ವಾರದವರೆಗೆ ಯಾವ ನಿರ್ಧಾರಕ್ಕೆ ಅವಕಾಶ ಕೊಡುತ್ತದೆ. ಇದನ್ನು ಮೊದಲ ಭೇಟಿಯಲ್ಲೇ ಡಾಕ್ಟರನ್ನು ಕೇಳಿ. ಗರ್ಭಕ್ಕೆ ಅಪಾಯ ಎಷ್ಟು, ಖರ್ಚು ಎಷ್ಟು ಅನ್ನುವುದೂ ಇದರ ಜೊತೆಗೇ ಬರುತ್ತದೆ.

ಕೊನೆಯದನ್ನು ಜನ ಕೇಳಿಕೊಳ್ಳುವುದೇ ಕಡಿಮೆ: ಉತ್ತರ ಬಂದರೆ ಏನು ಮಾಡುತ್ತೀರಿ? ಗರ್ಭ ಮುಂದುವರಿಸುವುದು ಖಚಿತ ಅನ್ನುವವರಿಗೂ ಪರೀಕ್ಷೆಯಿಂದ ಉಪಯೋಗ ಇದೆ. ಹುಟ್ಟಿದ ತಕ್ಷಣ ಹೃದಯದ ಆಪರೇಷನ್ ಬೇಕಾಗುವ ಮಗುವಿಗೆ ಆ ಸೌಲಭ್ಯ ಇರುವ ಆಸ್ಪತ್ರೆಯಲ್ಲೇ ಹೆರಿಗೆ ಆಗುವ ಹಾಗೆ ನೋಡಿಕೊಳ್ಳಬಹುದು, ಮನಸ್ಸನ್ನೂ ಸಿದ್ಧ ಮಾಡಿಕೊಳ್ಳಬಹುದು. ಬೇಡ ಅನ್ನಿಸಿದರೆ ಬೇಡ ಅನ್ನುವ ಹಕ್ಕೂ ನಿಮ್ಮದೇ. ಗಂಡ ಹೆಂಡತಿ ಇಬ್ಬರೂ ಕೂತು ಇದನ್ನು ಪರೀಕ್ಷೆಗೆ ಮೊದಲು ಮಾತಾಡಿ, ವರದಿ ಕೈಗೆ ಬಂದ ಮೇಲೆ ಅಷ್ಟು ಸಮಾಧಾನದಿಂದ ಮಾತಾಡಲು ಆಗುವುದಿಲ್ಲ.

ಎನ್‌ಟಿ ಸ್ಕ್ಯಾನ್: 11ರಿಂದ 14 ವಾರ

ಮಗುವಿನ ಕತ್ತಿನ ಹಿಂಭಾಗದಲ್ಲಿ ಚರ್ಮದ ಕೆಳಗೆ ನಿಂತಿರುವ ನೀರಿನ ದಪ್ಪವನ್ನು ಇದರಲ್ಲಿ ಅಳೆಯುತ್ತಾರೆ. ಇದಕ್ಕೂ ಕ್ರೋಮೋಸೋಮ್ (ಜೀನ್‌ಗಳನ್ನು ಹೊತ್ತಿರುವ ಎಳೆ) ದೋಷಕ್ಕೂ ಇರುವ ನಂಟನ್ನು 1992ರಲ್ಲಿ ಲಂಡನ್ನಿನ ವೈದ್ಯ ಕಿಪ್ರೋಸ್ ನಿಕೊಲೈಡಿಸ್ ಮತ್ತು ಅವರ ತಂಡ ಪ್ರಕಟಿಸಿತು, ಅಲ್ಲಿಂದ ಇದು ಜಗತ್ತಿನ ತುಂಬಾ ಹರಡಿತು. ಮಗುವಿನ ತಲೆಯಿಂದ ಪೃಷ್ಠದವರೆಗಿನ ಉದ್ದ 45ರಿಂದ 84 ಮಿಲಿಮೀಟರ್ ಇರುವಾಗ ಮಾತ್ರ ಈ ಅಳತೆಗೆ ಅರ್ಥ. ಆಮೇಲೆ ಆ ನೀರು ಸಾಮಾನ್ಯವಾಗಿ ತಾನಾಗಿಯೇ ಇಂಗಿಹೋಗುತ್ತದೆ. ಹಾಗಾಗಿ ಇದನ್ನು ಮುಂದೂಡಿದರೆ ಮತ್ತೆ ಸಿಗುವುದಿಲ್ಲ.

3.5 ಮಿಲಿಮೀಟರ್ ಅಥವಾ ಅದಕ್ಕಿಂತ ಜಾಸ್ತಿ ಬರುವುದು ಸುಮಾರು ನೂರರಲ್ಲಿ ಒಂದು ಗರ್ಭದಲ್ಲಿ. ಎನ್‌ಟಿ ಅಂದರೆ ಡೌನ್ ಸಿಂಡ್ರೋಮ್ ಪರೀಕ್ಷೆ ಅಂತಲೇ ಹೆಚ್ಚಿನವರ ತಿಳುವಳಿಕೆ. ಆದರೆ ಅಪರೂಪದ ಕಾಯಿಲೆಗಳ ವಿಷಯದಲ್ಲಿ ಇದರ ಬೆಲೆ ಅದಕ್ಕಿಂತ ದೊಡ್ಡದು. ಕ್ರೋಮೋಸೋಮ್‌ಗಳೆಲ್ಲ ಸರಿ ಇದ್ದರೂ ಕತ್ತಿನ ನೀರು ಜಾಸ್ತಿ ಇರುವ ಮಗುವಿನಲ್ಲಿ ಹೃದಯದ ದೋಷ, ನೂನನ್ ಸಿಂಡ್ರೋಮ್‌ನಂಥ ಒಂಟಿ ಜೀನ್ ಕಾಯಿಲೆ, ಕೆಲವು ಮೂಳೆ ಕಾಯಿಲೆಗಳ ಸಾಧ್ಯತೆ ಹೆಚ್ಚು. ಅಂದರೆ ಇದು ಕಾಯಿಲೆಯ ಹೆಸರು ಹೇಳುವುದಿಲ್ಲ, ಈ ಮಗುವನ್ನು ಇನ್ನಷ್ಟು ಗಮನವಿಟ್ಟು ನೋಡಿ ಅನ್ನುತ್ತದೆ. ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು: ಸ್ವಲ್ಪ ಮಾತ್ರ ಜಾಸ್ತಿ ಇದ್ದು, ಮುಂದೆ ಕ್ರೋಮೋಸೋಮ್ ವರದಿಯೂ ಐದನೇ ತಿಂಗಳ ಸ್ಕ್ಯಾನೂ ಸರಿ ಬಂದರೆ, ಅಂಥ ಮಕ್ಕಳಲ್ಲಿ ಬಹುಪಾಲು ಆರೋಗ್ಯವಾಗಿಯೇ ಹುಟ್ಟುತ್ತವೆ.

ಇದೇ ಸ್ಕ್ಯಾನಿನಲ್ಲಿ ತಲೆಬುರುಡೆ ಬೆಳೆಯದಿರುವುದು, ಮಿದುಳಿನ ಭಾಗ ಹೊರಗೆ ಚಾಚಿರುವುದು, ಮೂತ್ರಚೀಲ ವಿಪರೀತ ಊದಿರುವುದು, ಕೈಕಾಲು ಇಲ್ಲದಿರುವುದು ಮುಂತಾದ ದೊಡ್ಡ ದೋಷಗಳೂ ಕಾಣಬಹುದು. ಇದರ ಜೊತೆಗೆ ತಾಯಿಯ ರಕ್ತದಲ್ಲಿ ಪಿಎಪಿಪಿ-ಎ, ಫ್ರೀ ಬೀಟಾ ಎಚ್‌ಸಿಜಿ ಎಂಬ ಎರಡು ಅಂಶ ನೋಡಿದರೆ ಅದು ಕಂಬೈನ್ಡ್ ಟೆಸ್ಟ್. ಡೌನ್ ಸಿಂಡ್ರೋಮ್ ಇರುವ ಗರ್ಭಗಳಲ್ಲಿ ನೂರಕ್ಕೆ 85ರಿಂದ 90ನ್ನು ಇದು ಗುರುತಿಸುತ್ತದೆ, ಆದರೆ ಆರೋಗ್ಯವಾಗಿರುವ ಗರ್ಭಗಳಲ್ಲೂ ನೂರಕ್ಕೆ ಸುಮಾರು 5ನ್ನು ಅನುಮಾನದ ಪಟ್ಟಿಗೆ ಸೇರಿಸುತ್ತದೆ. ಗರ್ಭಕ್ಕೆ ಅಪಾಯ ಇಲ್ಲ, ಖರ್ಚೂ ಉಳಿದವಕ್ಕೆ ಹೋಲಿಸಿದರೆ ಕಡಿಮೆ.

ಅನಾಮಲಿ ಸ್ಕ್ಯಾನ್ (ಐದನೇ ತಿಂಗಳ ಸ್ಕ್ಯಾನ್): 18ರಿಂದ 22 ವಾರ

ಇಲ್ಲಿ ಸ್ವಲ್ಪ ನಿಂತು ಮಾತಾಡಬೇಕು, ಯಾಕೆಂದರೆ ಜನ ಅತಿಯಾಗಿ ನಂಬುವುದೂ ಇದನ್ನೇ, ಸರಿಯಾಗಿ ಬಳಸಿಕೊಳ್ಳದಿರುವುದೂ ಇದನ್ನೇ. ಅಲ್ಟ್ರಾಸೌಂಡಿಗೆ ಕಾಣುವುದು ಆಕಾರ, ಅಳತೆ, ಚಲನೆ. ಜೀನ್ ಅದಕ್ಕೆ ಕಾಣುವುದಿಲ್ಲ. ಹಾಗಾಗಿ ಕಾಯಿಲೆ ಆ ವಾರಕ್ಕೆ ಮಗುವಿನ ಆಕಾರವನ್ನು ಬದಲಿಸಿದ್ದರೆ ಮಾತ್ರ ಸಿಕ್ಕಿಬೀಳುತ್ತದೆ.

ಸಿಕ್ಕಿಬೀಳುವ ಕಾಯಿಲೆಗಳೇನೂ ಕಡಿಮೆ ಇಲ್ಲ. ತೊಡೆ, ತೋಳಿನ ಮೂಳೆಗಳು ತುಂಬಾ ಗಿಡ್ಡ, ಎದೆಗೂಡು ಕಿರಿದು ಇದ್ದರೆ ಥ್ಯಾನಟೊಫೋರಿಕ್ ಡಿಸ್‌ಪ್ಲೇಸಿಯಾದಂಥ ಮಾರಕ ಮೂಳೆ ಕಾಯಿಲೆಯ ಅನುಮಾನ. ಮೂಳೆಗಳು ಹೊಟ್ಟೆಯಲ್ಲೇ ಮುರಿದು ಬಾಗಿದ್ದು, ತಲೆಬುರುಡೆ ಮೆತ್ತಗೆ ಕಂಡರೆ ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾದ ತೀವ್ರ ರೂಪ. ತಲೆಯ ಹಿಂದೆ ಮಿದುಳು ಹೊರಚಾಚಿ, ಮೂತ್ರಪಿಂಡಗಳು ನೀರ್ಗುಳ್ಳೆ ತುಂಬಿ ದೊಡ್ಡದಾಗಿ, ಕೈಕಾಲಿನಲ್ಲಿ ಹೆಚ್ಚುವರಿ ಬೆರಳು ಕಂಡರೆ ಮೆಕಲ್-ಗ್ರೂಬರ್ ಸಿಂಡ್ರೋಮ್. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳಗಳಲ್ಲಿ ದೋಷ ಇದ್ದು ಥೈಮಸ್ ಗ್ರಂಥಿ ಸಣ್ಣದಾಗಿ ಕಂಡರೆ 22q11.2 ಡಿಲೀಷನ್, ಅಂದರೆ 22ನೇ ಕ್ರೋಮೋಸೋಮಿನ ಒಂದು ಚಿಕ್ಕ ಚೂರು ಇಲ್ಲದಿರುವುದು. ಹೊಕ್ಕುಳ ಬುಡದಲ್ಲಿ ಕರುಳು ಚೀಲದಂತೆ ಹೊರಬಂದಿದ್ದರೆ 18ನೇ ಕ್ರೋಮೋಸೋಮ್ ಮೂರಿರುವುದೋ, ಬೆಕ್‌ವಿತ್-ವೀಡೆಮನ್ ಸಿಂಡ್ರೋಮೋ ಇರಬಹುದು, ಏನೂ ಇಲ್ಲದೆಯೂ ಇರಬಹುದು. ಒಳ್ಳೆಯ ಸ್ಕ್ಯಾನ್ ತಜ್ಞರು ಒಂದು ದೋಷ ಕಂಡ ಕೂಡಲೇ ಎರಡನೆಯದನ್ನು ಹುಡುಕಲು ಶುರು ಮಾಡುತ್ತಾರೆ. ಎರಡು ಮೂರು ಸುಳಿವು ಒಟ್ಟಿಗೆ ಸಿಕ್ಕಾಗಲೇ ಅಪರೂಪದ ಸಿಂಡ್ರೋಮಿನ ಹೆಸರು ಹತ್ತಿರ ಬರುವುದು.

ಈಗ ತಪ್ಪಿಸಿಕೊಳ್ಳುವವು. ಥಲಸ್ಸೀಮಿಯಾ ಮೇಜರ್‌ನ ಬೀಟಾ ರೂಪ, ಡುಶೆನ್ ಸ್ನಾಯು ಕ್ಷಯ, ಫ್ರಜೈಲ್ ಎಕ್ಸ್, ಫೀನೈಲ್‌ಕೀಟೋನೂರಿಯಾ, ಟೇ-ಸ್ಯಾಕ್ಸ್. ಇವುಗಳಲ್ಲಿ ಮಗುವಿನ ಆಕಾರ ಹೊಟ್ಟೆಯೊಳಗೆ ಸಾಮಾನ್ಯವಾಗಿಯೇ ಇರುತ್ತದೆ. ಸ್ನಾಯುಗಳ ಬಲ ಕುಂದಿಸುವ ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ ಅಂದರೆ ಎಸ್‌ಎಂಎ ಇರುವ ಹೆಚ್ಚಿನ ಮಕ್ಕಳ ಸ್ಕ್ಯಾನ್ ಕೂಡ ಹಾಗೇ. ಎಷ್ಟು ಒಳ್ಳೆಯ ಮೆಷಿನ್ ಇದ್ದರೂ, ಎಷ್ಟು ಅನುಭವಿ ಕೈ ಇದ್ದರೂ ಇವು ಕಾಣುವುದಿಲ್ಲ. ಮೊದಲ ಮಗುವನ್ನು ಇಂಥ ಕಾಯಿಲೆಗೆ ಕಳೆದುಕೊಂಡ ದಂಪತಿಗೆ "ಈ ಸಲ ಸ್ಕ್ಯಾನ್ ನಾರ್ಮಲ್ ಇದೆ, ಚಿಂತೆ ಬೇಡ" ಅಂತ ಹೇಳುವುದನ್ನು ಕೇಳಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಇನ್ನು ತಡವಾಗಿ ಕಾಣಿಸಿಕೊಳ್ಳುವ ಗುಂಪೊಂದಿದೆ. ಅಕಾಂಡ್ರೋಪ್ಲೇಸಿಯಾ, ಅಂದರೆ ಕುಳ್ಳುತನ ತರುವ ಮೂಳೆ ಕಾಯಿಲೆಗಳಲ್ಲಿ ಅತಿ ಸಾಮಾನ್ಯವಾದದ್ದು, 20ನೇ ವಾರದಲ್ಲಿ ಸಾಮಾನ್ಯವಾಗಿ ಕಾಣುವುದೇ ಇಲ್ಲ. ಮೂಳೆಯ ಬೆಳವಣಿಗೆ ಹಿಂದೆ ಬೀಳುವುದು ಗೊತ್ತಾಗುವುದು 24 ವಾರ ದಾಟಿದ ಮೇಲೆ, ಎಷ್ಟೋ ಸಲ ಏಳನೇ ತಿಂಗಳಲ್ಲಿ. ಇದರಲ್ಲಿ ಐದರಲ್ಲಿ ನಾಲ್ಕು ಮಕ್ಕಳ ಅಪ್ಪ ಅಮ್ಮನಿಗೆ ಆ ಕಾಯಿಲೆ ಇರುವುದೇ ಇಲ್ಲ, ಹಾಗಾಗಿ ಯಾರೂ ನಿರೀಕ್ಷಿಸಿಯೂ ಇರುವುದಿಲ್ಲ. ಟ್ಯೂಬರಸ್ ಸ್ಕ್ಲೆರೋಸಿಸ್‌ನ ಸುಳಿವಾದ ಹೃದಯದ ಗಡ್ಡೆಗಳು, ತಲೆ ಸಣ್ಣದಾಗಿ ಉಳಿಯುವುದು, ಮಿದುಳಿನ ಮಡಿಕೆಗಳು ಮೂಡದಿರುವುದು, ಇವೂ ತಡವಾಗಿಯೇ ಕಾಣುವಂಥವು. ಸಾಧ್ಯವಿದ್ದವರು 28ರಿಂದ 32 ವಾರದ ನಡುವೆ ಇನ್ನೊಂದು ಸ್ಕ್ಯಾನ್ ಮಾಡಿಸಿದರೆ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ಇನ್ನೊಂದು ತೊಂದರೆ ಸಾಫ್ಟ್ ಮಾರ್ಕರ್‌ಗಳದ್ದು, ಅಂದರೆ ತಾವೇ ದೋಷವಲ್ಲದ, ಕೆಲವೊಮ್ಮೆ ಮಾತ್ರ ದೋಷದ ಸುಳಿವಾಗುವ ಸಣ್ಣ ಗುರುತುಗಳದ್ದು. ಹೃದಯದಲ್ಲಿ ಹೊಳೆಯುವ ಚುಕ್ಕೆ, ಮಿದುಳಿನಲ್ಲಿ ಕೋರಾಯ್ಡ್ ಪ್ಲೆಕ್ಸಸ್ ಸಿಸ್ಟ್ ಅಂತ ವರದಿಯಲ್ಲಿ ಬರೆದಿದ್ದರೆ ನಿದ್ದೆ ಬರುವುದಿಲ್ಲ, ನಿಜ. ಆದರೆ ಬೇರೆ ಯಾವ ದೋಷವೂ ಇಲ್ಲದೆ ಅದೊಂದೇ ಇದ್ದು, ಮೊದಲಿನ ಸ್ಕ್ರೀನಿಂಗ್ ವರದಿಯೂ ಸರಿ ಇದ್ದರೆ, ಸಾಮಾನ್ಯವಾಗಿ ಅದಕ್ಕೆ ಅರ್ಥವೇನೂ ಇರುವುದಿಲ್ಲ. ಕರುಳು ಬೆಳ್ಳಗೆ ಹೊಳೆಯುವುದು ಮಾತ್ರ ಸ್ವಲ್ಪ ಬೇರೆ. ಅದರ ಹಿಂದೆ ಸಿಸ್ಟಿಕ್ ಫೈಬ್ರೋಸಿಸ್, ಸೋಂಕು, ರಕ್ತಸ್ರಾವ, ಬೆಳವಣಿಗೆ ಕುಂಠಿತ ಇರಬಹುದು. ಅದನ್ನು ಹಾಗೇ ಬಿಡುವಂತಿಲ್ಲ.

ಸ್ಕ್ಯಾನಿನ ಗುಣಮಟ್ಟ ಎಲ್ಲಾ ಕಡೆ ಒಂದೇ ಇರುವುದಿಲ್ಲ. ನೋಡುವವರ ತರಬೇತಿ, ಮಗು ಮಲಗಿದ ಭಂಗಿ, ತಾಯಿಯ ಮೈಕಟ್ಟು, ಗರ್ಭನೀರಿನ ಪ್ರಮಾಣ ಎಲ್ಲದರ ಮೇಲೂ ನಿಂತಿದೆ. ತಲೆಬುರುಡೆ ಇಲ್ಲದಿರುವಂಥದ್ದು ತಪ್ಪುವುದೇ ಅಪರೂಪ, ಹೃದಯದ ದೋಷಗಳು ತಪ್ಪುವುದು ಜಾಸ್ತಿ. ದುಡ್ಡು ಖರ್ಚು ಮಾಡಲು ಒಂದೇ ಜಾಗ ಇದೆ ಅಂದರೆ, ಫೀಟಲ್ ಮೆಡಿಸಿನ್ (ಹೊಟ್ಟೆಯೊಳಗಿನ ಮಗುವಿನ ವೈದ್ಯಕೀಯ) ತರಬೇತಿ ಪಡೆದವರ ಹತ್ತಿರ ಈ ಸ್ಕ್ಯಾನ್ ಮಾಡಿಸಲು ಖರ್ಚು ಮಾಡಿ. ಮುಖದ ಚಂದದ ಚಿತ್ರ ಕೊಡುವ 4ಡಿ ಪ್ಯಾಕೇಜಿಗೆ ಬೇಡ. ಹೃದಯದ ಅನುಮಾನ ಇದ್ದರೆ ಫೀಟಲ್ ಎಕೋ ಎಂಬ ಮಗುವಿನ ಹೃದಯದ ಸ್ಕ್ಯಾನ್, ಮಿದುಳಿನ ಅನುಮಾನ ಇದ್ದರೆ ಎಂಆರ್‌ಐ. ಎರಡೂ ಸುಳಿವು ಸಿಕ್ಕ ಮೇಲಿನ ಮಾತು, ಎಲ್ಲರಿಗೂ ಬೇಕಿಲ್ಲ.

ಎನ್‌ಐಪಿಟಿ: 10ನೇ ವಾರದಿಂದ

ತಾಯಿಯ ರಕ್ತದಲ್ಲಿ ಗರ್ಭದ ಡಿಎನ್‌ಎ ಚೂರುಗಳು ತೇಲುತ್ತಿರುತ್ತವೆ ಅಂತ 1997ರಲ್ಲಿ ವಿಜ್ಞಾನಿ ಡೆನಿಸ್ ಲೋ ಮತ್ತು ಜೊತೆಗಾರರು ತೋರಿಸಿದರು. 2011ರ ಹೊತ್ತಿಗೆ ಅದು ಮಾರುಕಟ್ಟೆಗೆ ಬಂತು. ತಾಯಿಯ ತೋಳಿನಿಂದ ರಕ್ತ ತೆಗೆದರೆ ಆಯಿತು, ಗರ್ಭಕ್ಕೆ ಏನೂ ಅಪಾಯ ಇಲ್ಲ. ಡೌನ್ ಸಿಂಡ್ರೋಮ್ ಇರುವ ಗರ್ಭಗಳಲ್ಲಿ ನೂರಕ್ಕೆ 99ಕ್ಕಿಂತ ಹೆಚ್ಚನ್ನು ಹಿಡಿಯುತ್ತದೆ. ಆ ಒಂದು ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಸ್ಕ್ರೀನಿಂಗ್ ಇಲ್ಲ.

ಅಪರೂಪದ ಕಾಯಿಲೆಗಳ ವಿಷಯ ಬಂದಾಗ ಮಾತ್ರ ಜೋಪಾನ. ಈಗ ಹಲವು ಲ್ಯಾಬ್‌ಗಳು ಸಣ್ಣ ಡಿಲೀಷನ್‌ಗಳನ್ನೂ ಕೆಲವು ಒಂಟಿ ಜೀನ್ ಕಾಯಿಲೆಗಳನ್ನೂ ಸೇರಿಸಿ ದೊಡ್ಡ ಪ್ಯಾಕೇಜ್ ಮಾರುತ್ತವೆ. ಒಂದು ಲೆಕ್ಕ ಹಾಕೋಣ. ಒಂದು ಪರೀಕ್ಷೆ ಇರುವ ಕಾಯಿಲೆಯನ್ನೆಲ್ಲ ಹಿಡಿಯುತ್ತದೆ, ಇಲ್ಲದವರಲ್ಲಿ ಸಾವಿರಕ್ಕೆ ಒಬ್ಬರಿಗೆ ಮಾತ್ರ ತಪ್ಪಾಗಿ "ಇದೆ" ಅನ್ನುತ್ತದೆ ಅಂತ ಇಟ್ಟುಕೊಳ್ಳಿ. ಬಹಳ ಒಳ್ಳೆಯ ಪರೀಕ್ಷೆ, ಅಲ್ವಾ? ಸಾವಿರಕ್ಕೆ ಒಂದು ಗರ್ಭದಲ್ಲಿ ಬರುವ ಕಾಯಿಲೆಗೆ ಒಂದು ಲಕ್ಷ ಜನರಿಗೆ ಇದನ್ನು ಮಾಡಿದರೆ ನಿಜವಾದ ಪಾಸಿಟಿವ್ 100, ಸುಳ್ಳು ಪಾಸಿಟಿವ್ ಸುಮಾರು 100. ಅದೇ ಪರೀಕ್ಷೆಯನ್ನು ಹತ್ತು ಸಾವಿರಕ್ಕೆ ಒಂದು ಬರುವ ಕಾಯಿಲೆಗೆ ಮಾಡಿದರೆ ನಿಜವಾದದ್ದು 10, ಸುಳ್ಳು ಆಗಲೂ 100. ಪರೀಕ್ಷೆ ಬದಲಾಗಿಲ್ಲ, ಕಾಯಿಲೆ ಅಪರೂಪವಾಯಿತು ಅಷ್ಟೇ, ಪಾಸಿಟಿವ್ ಬಂದವರಲ್ಲಿ ಹತ್ತಕ್ಕೆ ಒಂಬತ್ತು ಜನ ಇಲ್ಲದ ಕಾಯಿಲೆಗೆ ಅತ್ತರು. ಹಾಗಾಗಿ ಎನ್‌ಐಪಿಟಿ ಪಾಸಿಟಿವ್ ಬಂದ ಮಾತ್ರಕ್ಕೆ ಗರ್ಭದ ಬಗ್ಗೆ ದೊಡ್ಡ ನಿರ್ಧಾರ ಯಾವತ್ತೂ ತೆಗೆದುಕೊಳ್ಳಬೇಡಿ, ಸೂಜಿಯ ಪರೀಕ್ಷೆಯಿಂದ ಖಚಿತ ಮಾಡಿಕೊಳ್ಳಲೇಬೇಕು.

ಆ ಡಿಎನ್‌ಎ ಬರುವುದು ಹೆಚ್ಚಾಗಿ ಮಾಸಿನಿಂದ. ಮಾಸಿನಲ್ಲಿ ಇರುವ ದೋಷ ಕೆಲವೊಮ್ಮೆ ಮಗುವಿನಲ್ಲಿ ಇರುವುದಿಲ್ಲ, ತಪ್ಪು ಉತ್ತರಕ್ಕೆ ಇದೂ ಒಂದು ಕಾರಣ. ತಾಯಿಯ ತೂಕ ಜಾಸ್ತಿ ಇದ್ದರೆ ಗರ್ಭದ ಡಿಎನ್‌ಎ ಪಾಲು ಕಡಿಮೆಯಾಗಿ ವರದಿಯೇ ಬಾರದೆ ಇರಬಹುದು. ಸ್ಕ್ಯಾನಿನಲ್ಲಿ ಆಗಲೇ ದೊಡ್ಡ ದೋಷ ಕಂಡಿದ್ದರೆ ಎನ್‌ಐಪಿಟಿಗೆ ಹೋಗುವುದೇ ಸರಿಯಲ್ಲ. ವರದಿಗೆ ಒಂದೆರಡು ವಾರ ಕಾದು, ನಾರ್ಮಲ್ ಅಂತ ಬಂದರೂ ಆ ದೋಷದ ಹಿಂದಿರುವ ನೂರಾರು ಕಾಯಿಲೆಗಳನ್ನು ಅದು ನೋಡಿಯೇ ಇರುವುದಿಲ್ಲ.

ಸೂಜಿಯ ಪರೀಕ್ಷೆ: ಮಾಸಿನ ಚೂರಾ, ಗರ್ಭನೀರಾ?

ಸಿವಿಎಸ್ ಅಂದರೆ ಮಾಸಿನ ಚಿಕ್ಕ ಚೂರು ತೆಗೆಯುವುದು, ಸಾಮಾನ್ಯವಾಗಿ 11ರಿಂದ 14 ವಾರದ ನಡುವೆ. ಆಮ್ನಿಯೋಸೆಂಟೆಸಿಸ್ ಅಂದರೆ ಗರ್ಭನೀರು ತೆಗೆಯುವುದು, 15 ವಾರ ತುಂಬಿದ ಮೇಲೆ. ಎರಡರಲ್ಲೂ ಅಲ್ಟ್ರಾಸೌಂಡ್ ನೋಡಿಕೊಂಡೇ ಸೂಜಿ ಹಾಕುತ್ತಾರೆ, ಮಗುವಿಗೆ ಅದು ತಾಗುವುದಿಲ್ಲ. ಹಳೆಯ ಪುಸ್ತಕಗಳಲ್ಲಿ ಗರ್ಭಪಾತದ ಅಪಾಯ ನೂರಕ್ಕೆ ಒಂದು ಅಂತ ಇರುತ್ತಿತ್ತು. ಈಗಿನ ಲೆಕ್ಕದಲ್ಲಿ ಅನುಭವಿಗಳ ಕೈಯಲ್ಲಿ ಅದು 200ಕ್ಕೆ ಒಂದಕ್ಕಿಂತ ಕಡಿಮೆ. ತಾಯಿಯ ರಕ್ತ ಆರ್‌ಎಚ್ ನೆಗೆಟಿವ್ ಆಗಿದ್ದರೆ ಆಂಟಿ-ಡಿ ಇಂಜೆಕ್ಷನ್ ಕೊಡಬೇಕಾಗುತ್ತದೆ, ಮೊದಲೇ ತಿಳಿಸಿ.

ಇವೆರಡರಲ್ಲಿ ಆಯ್ಕೆ ಮುಖ್ಯವಾಗಿ ವಾರದ ಮೇಲೆ. ಮನೆಯಲ್ಲಿರುವ ಕಾಯಿಲೆಯ ಜೀನ್ ದೋಷ ಆಗಲೇ ಗೊತ್ತಿದ್ದರೆ ಸಿವಿಎಸ್ ಒಳ್ಳೆಯದು, ಮೂರನೇ ತಿಂಗಳ ಕೊನೆ, ನಾಲ್ಕನೆಯದರ ಮೊದಲಲ್ಲೇ ಉತ್ತರ ಸಿಗುತ್ತದೆ, ಬೇಕಾದಷ್ಟು ಡಿಎನ್‌ಎಯೂ ಸಿಗುತ್ತದೆ. ಕ್ರೋಮೋಸೋಮ್ ನೋಡುವುದಾದರೆ ಸಿವಿಎಸ್‌ನಲ್ಲಿ ನೂರಕ್ಕೆ ಒಂದೆರಡು ಸಲ ಮಾಸಿನಲ್ಲಿ ಒಂದು ಥರ, ಮಗುವಿನಲ್ಲಿ ಒಂದು ಥರ ಇರುವ ಗೊಂದಲ ಬರುತ್ತದೆ, ಆಗ ಮತ್ತೆ ಗರ್ಭನೀರಿಗೆ ಹೋಗಬೇಕು. ಐದನೇ ತಿಂಗಳ ಸ್ಕ್ಯಾನಿನಲ್ಲಿ ದೋಷ ಕಂಡವರಿಗೆ ಸಾಮಾನ್ಯವಾಗಿ ಗರ್ಭನೀರೇ.

ಸೂಜಿಗಿಂತ ದೊಡ್ಡ ಆಯ್ಕೆ ಇರುವುದು ಅದರ ನಂತರ. ತೆಗೆದ ಸ್ಯಾಂಪಲ್ಲಿನಲ್ಲಿ ಏನು ನೋಡಿಸುತ್ತೀರಿ ಅನ್ನುವುದನ್ನು ಎಷ್ಟೋ ಜನರಿಗೆ ಯಾರೂ ಬಿಡಿಸಿ ಹೇಳುವುದೇ ಇಲ್ಲ. ಫಿಶ್ ಅಥವಾ ಕ್ಯೂಎಫ್-ಪಿಸಿಆರ್ ಎರಡು ಮೂರು ದಿನದಲ್ಲಿ 13, 18, 21ನೇ ಕ್ರೋಮೋಸೋಮ್‌ಗಳ ಮತ್ತು ಲಿಂಗ ಕ್ರೋಮೋಸೋಮ್‌ಗಳ ಸಂಖ್ಯೆ ಹೇಳುತ್ತದೆ, ಅಷ್ಟೇ. ಕ್ಯಾರಿಯೋಟೈಪ್‌ಗೆ ಸುಮಾರು ಎರಡು ವಾರ ಬೇಕು. 46 ಕ್ರೋಮೋಸೋಮ್‌ಗಳನ್ನೂ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ, ಆದರೆ ಡಿಎನ್‌ಎಯ 50 ಲಕ್ಷದಿಂದ ಒಂದು ಕೋಟಿ ಅಕ್ಷರದಷ್ಟು ದೊಡ್ಡ ಬದಲಾವಣೆ ಇದ್ದರೆ ಮಾತ್ರ ಕಾಣುತ್ತದೆ. ಮೇಲೆ ಹೇಳಿದ 22q11.2 ಡಿಲೀಷನ್‌ನಲ್ಲಿ ಸಾಮಾನ್ಯವಾಗಿ ಹೋಗಿರುವುದು 30 ಲಕ್ಷ ಅಕ್ಷರ. ಅದಕ್ಕೇ ಕ್ಯಾರಿಯೋಟೈಪ್ ನಾರ್ಮಲ್ ಅಂದುಬಿಡುತ್ತದೆ. ಕೆಲವು ಲಕ್ಷ ಅಕ್ಷರಗಳಷ್ಟು ಚಿಕ್ಕ ಚೂರು ಹೋಗಿದ್ದರೂ ಹಿಡಿಯುವುದು ಮೈಕ್ರೋಅರೇ. 2012ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ, ಸ್ಕ್ಯಾನಿನಲ್ಲಿ ದೋಷ ಇದ್ದು ಕ್ಯಾರಿಯೋಟೈಪ್ ನಾರ್ಮಲ್ ಬಂದ ಗರ್ಭಗಳಲ್ಲಿ ನೂರಕ್ಕೆ 6ರಲ್ಲಿ ಮೈಕ್ರೋಅರೇ ಕಾರಣ ತೋರಿಸಿತು. ನನ್ನನ್ನು ಕೇಳಿದರೆ, ಸ್ಕ್ಯಾನಿನಲ್ಲಿ ದೋಷ ಕಂಡು ಸೂಜಿ ಹಾಕಿಸಿಕೊಂಡ ಮೇಲೆ ಬರೀ ಕ್ಯಾರಿಯೋಟೈಪಿಗೆ ನಿಲ್ಲಿಸುವುದು ಉಳಿತಾಯವಲ್ಲ.

ಒಂದೇ ಅಕ್ಷರ ತಪ್ಪಿರುವ ಕಾಯಿಲೆಗಳು, ಅಂದರೆ ಅಕಾಂಡ್ರೋಪ್ಲೇಸಿಯಾ, ನೂನನ್ ಥರದವು, ಮೈಕ್ರೋಅರೇಗೂ ಕಾಣುವುದಿಲ್ಲ. ಅವಕ್ಕೆ ಆ ಜೀನ್‌ನ ಪರೀಕ್ಷೆ ಬೇಕು, ಯಾವ ಜೀನ್ ಅಂತ ಗೊತ್ತಿಲ್ಲದಿದ್ದರೆ ಎಕ್ಸೋಮ್ ಸೀಕ್ವೆನ್ಸಿಂಗ್, ಅಂದರೆ ಜೀನ್‌ಗಳ ಮುಖ್ಯ ಭಾಗಗಳನ್ನೆಲ್ಲ ಅಕ್ಷರ ಅಕ್ಷರವಾಗಿ ಓದುವುದು. ಮಗುವಿನ ಜೊತೆ ಅಪ್ಪ ಅಮ್ಮನ ಸ್ಯಾಂಪಲ್ಲನ್ನೂ ಸೇರಿಸಿ ಮಾಡುವ ಟ್ರಯೋ ಎಕ್ಸೋಮ್‌ನಲ್ಲಿ ಉತ್ತರ ಬೇಗ ಮತ್ತು ಸ್ಪಷ್ಟವಾಗಿ ಸಿಗುತ್ತದೆ. 2019ರಲ್ಲಿ ಪ್ರಕಟವಾದ ಎರಡು ದೊಡ್ಡ ಅಧ್ಯಯನಗಳಲ್ಲಿ, ಸ್ಕ್ಯಾನ್ ದೋಷ ಇದ್ದು ಕ್ರೋಮೋಸೋಮ್ ಪರೀಕ್ಷೆಗಳೆಲ್ಲ ಸರಿ ಬಂದ ಗರ್ಭಗಳಲ್ಲಿ ನೂರಕ್ಕೆ 8ರಿಂದ 10ಕ್ಕೆ ಎಕ್ಸೋಮ್ ಕಾರಣ ಹೇಳಿತು. ಮೂಳೆ ಕಾಯಿಲೆಗಳಲ್ಲಿ, ಹಲವು ಅಂಗಗಳಲ್ಲಿ ದೋಷ ಇರುವವರಲ್ಲಿ ಇದು ಇನ್ನೂ ಹೆಚ್ಚು. ಎಲ್ಲಕ್ಕಿಂತ ದುಬಾರಿ ಇದೇ, ವರದಿಗೆ ವಾರಗಟ್ಟಲೆ ಕಾಯಬೇಕು. ಅರ್ಥ ಖಚಿತವಿಲ್ಲದ ಬದಲಾವಣೆ, ವಿಯುಎಸ್ ಅಂತ ಬರೆಯುತ್ತಾರೆ, ಅದು ಬಂದರೆ ಇದೆಯೋ ಇಲ್ಲವೋ ಅನ್ನುವ ನಡುವೆಯೇ ಉಳಿಯಬೇಕಾಗುತ್ತದೆ. ಎಕ್ಸೋಮ್ ಮಾಡಿದರೆ ಎಲ್ಲಾ ಬಂತು ಅಂತಲೂ ಅಲ್ಲ: ಫ್ರಜೈಲ್ ಎಕ್ಸ್, ಎಸ್‌ಎಂಎ ಇವಕ್ಕೆ ಪ್ರತ್ಯೇಕ ಪರೀಕ್ಷೆಯೇ ನಂಬಿಕೆಗೆ ಯೋಗ್ಯ.

ಗರ್ಭಕ್ಕೆ ಮೊದಲೇ ಮಾಡಿಸುವ ವಾಹಕ ಪರೀಕ್ಷೆ

ಇದನ್ನು ಹೋಲಿಕೆಯಲ್ಲಿ ಯಾರೂ ಸೇರಿಸುವುದಿಲ್ಲ, ಆದರೆ ಸೇರಿಸಬೇಕು. ಗಂಡ ಹೆಂಡತಿ ಇಬ್ಬರೂ ಒಂದೇ ಕಾಯಿಲೆಯ ವಾಹಕರಾಗಿದ್ದರೆ, ಅಂದರೆ ತಮಗೆ ಕಾಯಿಲೆ ಇಲ್ಲದೆ ಅದರ ಜೀನ್ ದೋಷವನ್ನು ಮಾತ್ರ ಹೊತ್ತಿದ್ದರೆ, ಪ್ರತಿ ಗರ್ಭದಲ್ಲೂ ಕಾಯಿಲೆ ಬರುವ ಸಾಧ್ಯತೆ ನಾಲ್ಕಕ್ಕೆ ಒಂದು. ಥಲಸ್ಸೀಮಿಯಾ, ಎಸ್‌ಎಂಎ ಥರದ, ಸ್ಕ್ಯಾನಿಗೆ ಕಾಣದ ಕಾಯಿಲೆಗಳನ್ನು ಹಿಡಿಯುವ ದಾರಿ ಇದು. ರಕ್ತಸಂಬಂಧದಲ್ಲಿ ಮದುವೆಯಾದವರಿಗೆ, ಕಾರಣ ತಿಳಿಯದೆ ಮಗುವನ್ನು ಕಳೆದುಕೊಂಡವರಿಗೆ ಇದರ ಉಪಯೋಗ ಹೆಚ್ಚು. ಗರ್ಭ ನಿಂತ ಮೇಲೂ ಮಾಡಿಸಬಹುದು, ಆದರೆ ಆಗ ಇಬ್ಬರದೂ ಒಟ್ಟಿಗೇ ಕೊಡಿ, ಒಬ್ಬರಾದ ಮೇಲೆ ಒಬ್ಬರು ಅಂತ ಕಾದರೆ ವಾರಗಳು ಕಳೆದುಹೋಗುತ್ತವೆ.

ಹಾಗಾದರೆ ಯಾರಿಗೆ ಯಾವುದು

ಯಾವ ಹಿನ್ನೆಲೆಯೂ ಇಲ್ಲ, ಕೈಯಲ್ಲಿ ದುಡ್ಡೂ ಕಡಿಮೆ ಅನ್ನುವವರು ಕಂಬೈನ್ಡ್ ಟೆಸ್ಟ್ ಜೊತೆ ಒಳ್ಳೆಯ ಎನ್‌ಟಿ ಸ್ಕ್ಯಾನ್, ಆಮೇಲೆ ಒಳ್ಳೆಯ ಅನಾಮಲಿ ಸ್ಕ್ಯಾನ್ ಮಾಡಿಸಿ. ಇಷ್ಟು ಮಾಡಿಸಿದವರು ಏನೋ ಕೊರತೆ ಮಾಡಿದೆವು ಅಂದುಕೊಳ್ಳಬೇಕಾಗಿಲ್ಲ. ಸ್ವಲ್ಪ ಜಾಸ್ತಿ ಖರ್ಚು ಮಾಡಬಲ್ಲವರು, ಅದರಲ್ಲೂ ತಾಯಿಯ ವಯಸ್ಸು 35 ದಾಟಿದವರು, ಇದಕ್ಕೆ ಸಾಮಾನ್ಯ ಎನ್‌ಐಪಿಟಿ ಸೇರಿಸಿಕೊಳ್ಳಬಹುದು. ಆದರೆ ಅದನ್ನು ಮಾಡಿಸಿದೆವು ಅಂತ ಸ್ಕ್ಯಾನ್ ಬಿಡಬೇಡಿ. ಮೂಳೆ, ಹೃದಯ, ಮಿದುಳಿನ ಆಕಾರವನ್ನು ನೋಡುವುದು ಸ್ಕ್ಯಾನ್ ಮಾತ್ರ.

ಮನೆಯಲ್ಲಿ ಕಾಯಿಲೆ ಇದ್ದವರು ಸ್ಕ್ಯಾನಿನಿಂದ ಶುರು ಮಾಡಬೇಡಿ. ಕಾಯಿಲೆ ಇರುವ ಆ ಮಗುವಿನ ಅಥವಾ ಸಂಬಂಧಿಕರ ಜೀನ್ ಪರೀಕ್ಷೆ ಮೊದಲಾಗಬೇಕು. ಯಾವ ಜೀನ್‌ನಲ್ಲಿ ಯಾವ ಜಾಗದಲ್ಲಿ ತಪ್ಪಿದೆ ಅಂತ ಗೊತ್ತಿದ್ದರೆ ಸಿವಿಎಸ್‌ನಲ್ಲಿ ಆ ಒಂದು ಜಾಗ ನೋಡಿದರೆ ಸಾಕು, ಅದು ಇಡೀ ಎಕ್ಸೋಮ್‌ಗಿಂತ ಅಗ್ಗ, ಬೇಗ, ಖಚಿತ. ಅದು ಗೊತ್ತಿಲ್ಲದೆ ಗರ್ಭ ನಿಂತ ಮೇಲೆ ಹುಡುಕಲು ಹೊರಟರೆ ಸಮಯ ಸಾಲುವುದಿಲ್ಲ. ಹೋದ ಸಲ ಹೊಸದಾಗಿ ಹುಟ್ಟಿದ ಜೀನ್ ದೋಷ ಅಂತ ಹೇಳಿದ್ದರೂ ಮತ್ತೆ ಬರುವ ಸಾಧ್ಯತೆ ಪೂರ್ತಿ ಸೊನ್ನೆಯಲ್ಲ, ಅಪ್ಪನ ವೀರ್ಯಾಣುಗಳಲ್ಲಿ ಅಥವಾ ಅಮ್ಮನ ಅಂಡಾಣುಗಳಲ್ಲಿ ಕೆಲವಕ್ಕೆ ಮಾತ್ರ ಆ ದೋಷ ಇರಬಹುದು. ಇದನ್ನೂ ಕೇಳಿ ತಿಳಿಯಿರಿ.

ಸ್ಕ್ಯಾನಿನಲ್ಲಿ ದೋಷ ಕಂಡವರು ಮೊದಲು ಫೀಟಲ್ ಮೆಡಿಸಿನ್ ತಜ್ಞರಿಂದ ಇನ್ನೊಮ್ಮೆ ಸ್ಕ್ಯಾನ್ ಮಾಡಿಸಿ. ಅದು ನಿಜ ಅಂತಾದರೆ ಗರ್ಭನೀರು, ಕ್ಯೂಎಫ್-ಪಿಸಿಆರ್, ಅದು ಸರಿ ಇದ್ದರೆ ಮೈಕ್ರೋಅರೇ, ಅದೂ ಸರಿ ಇದ್ದರೆ ಎಕ್ಸೋಮ್. ಸಮಯ ಇದ್ದರೆ ಒಂದಾದ ಮೇಲೆ ಒಂದು ಮಾಡಿಸಿದರೆ ಖರ್ಚು ಉಳಿಯಬಹುದು. ವಾರಗಳು ಮೀರುತ್ತಿದ್ದರೆ ಒಟ್ಟಿಗೆ ಕಳಿಸುವುದು ಲೇಸು. ಈ ಯಾವ ಹಂತದಲ್ಲೂ ಜೆನೆಟಿಕ್ ಕೌನ್ಸೆಲಿಂಗ್ ಬಿಡಬೇಡಿ, ಲ್ಯಾಬಿನ ವರದಿಯನ್ನು ನೀವೇ ಓದಿ ಅರ್ಥ ಮಾಡಿಕೊಳ್ಳಲು ಹೋಗಬೇಡಿ.

ಇವತ್ತು ಎಲ್ಲಾ ಪರೀಕ್ಷೆಗೂ ಖರ್ಚು ಮಾಡಲು ಆಗದವರು ಒಂದನ್ನು ಮಾತ್ರ ಕೇಳಿಕೊಳ್ಳಿ: ತೆಗೆದ ಸ್ಯಾಂಪಲ್ಲಿನ ಡಿಎನ್‌ಎಯನ್ನು ಎತ್ತಿಡುತ್ತಾರಾ, ಎಷ್ಟು ಕಾಲ ಇಡುತ್ತಾರೆ ಅಂತ. ಗರ್ಭ ಉಳಿಯದೆ ಹೋದರೂ, ಮಗು ಹುಟ್ಟಿ ಉಳಿಯದೆ ಹೋದರೂ, ಆ ಡಿಎನ್‌ಎ ಇದ್ದರೆ ಮುಂದೆ ಯಾವಾಗ ಬೇಕಾದರೂ ಪರೀಕ್ಷೆ ಮಾಡಿಸಬಹುದು. ಹಳೆಯ ಎಕ್ಸೋಮ್ ದತ್ತಾಂಶವನ್ನೇ ಒಂದೆರಡು ವರ್ಷ ಬಿಟ್ಟು ಮತ್ತೆ ನೋಡಿದಾಗ, ಹೊಸದಾಗಿ ಗುರುತಿಸಿದ ಜೀನ್‌ಗಳಿಂದಾಗಿ ಉತ್ತರ ಸಿಗುವುದುಂಟು. ಸ್ಕ್ಯಾನ್ ಚಿತ್ರಗಳು, ಎಲ್ಲಾ ವರದಿಗಳ ಪ್ರತಿ, ಸಾಧ್ಯವಿದ್ದರೆ ಎಕ್ಸೋಮ್‌ನ ಕಚ್ಚಾ ಫೈಲ್ ಕೂಡ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಮುಂದಿನ ಗರ್ಭಕ್ಕೆ ಬೇರೆ ಡಾಕ್ಟರ ಹತ್ತಿರ ಹೋದರೆ ಅವರು ಮೊದಲು ಕೇಳುವುದು ಇವನ್ನೇ.